ರುದ್ರೇಶನ ಕಣ್ಣಿನ ಬಗ್ಗೆ ನಾನು ಬರೆದ ಸಾಲು

ರುದ್ರೇಶನ ಕಣ್ಣಿನ ಬಗ್ಗೆ ನಾನು ಬರೆದದ್ದು ಸುಳ್ಳು. ಬರೆಯುವ ಹೊತ್ತಿಗೆ ಅದು ಸುಳ್ಳೆಂದು ನನಗೆ ಗೊತ್ತಿತ್ತೇ — ಅದನ್ನು ಮಾತ್ರ ಹೇಳಲಾರೆ. ಹೇಳಲಾರೆ ಎಂದು ಅಂದುಕೊಂಡೇ ಆರು ವರ್ಷ ಕಳೆದೆ. ಆ ಸಂಜೆ ಮೋಡವಿತ್ತೋ, ಬಿಸಿಲಿತ್ತೋ? ಒಮ್ಮೆ ನೆನೆದರೆ ಮೈದಾನದ ಮೇಲೆ ಬೂದು ಮೋಡ ಕವಿದಂತೆ ಕಾಣುತ್ತದೆ. ಇನ್ನೊಮ್ಮೆ ನೆನೆದರೆ ರುದ್ರೇಶ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನಿಂತಿದ್ದಾನೆ. ಎರಡರಲ್ಲಿ ಒಂದು ನಾನೇ ಕಟ್ಟಿಕೊಂಡದ್ದು. ಯಾವುದು ಎಂದು ಕೇಳಿಕೊಂಡಾಗಲೆಲ್ಲ ನನಗೆ ಅನುಕೂಲವಾದ ಮೋಡವೇ ಮುಂದೆ ಬಂದು ನಿಲ್ಲುತ್ತದೆ. ಅದಕ್ಕೇ ಅದರ ಮೇಲೆ ಅನುಮಾನ.

ನಾನು ಅರಸೀಕೆರೆಯವನು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಬಂದು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾರು ಏನು ಹೇಳಿದರೂ ಆಧಾರ ಕೇಳುವುದು ನನ್ನ ಅಭ್ಯಾಸ. ಹಳೇಬೀಡಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರೆ ಅಲ್ಲಿನ ಗೈಡುಗಳು ನನ್ನನ್ನು ಕಂಡು ದೂರ ಸರಿಯುತ್ತಾರೆ. ಒಬ್ಬ ನೇರವಾಗಿಯೇ ಅಂದಿದ್ದ: "ಸಾರ್, ನೀವು ಪಕ್ಕದಲ್ಲಿ ನಿಂತ್ರೆ ನಮ್ ಕತೆ ಬಾಯಿಂದ ಈಚೆಗೇ ಬರಲ್ಲ."

ಇಷ್ಟೆಲ್ಲ ಅನುಮಾನದ ಮನುಷ್ಯನಿಗೂ ಒಂದು ದೌರ್ಬಲ್ಯವಿತ್ತು, ನಮ್ಮೂರ ಫುಟ್‌ಬಾಲ್ ತಂಡ. ದೀಪಾವಳಿ ಕಳೆದ ಮೇಲೆ ಸುತ್ತಲಿನ ಊರುಗಳ ತಂಡಗಳ ನಡುವೆ ಆಟಗಳು ಶುರುವಾಗುತ್ತವೆ — ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಹೀಗೆ. ಮೊದಲ ಎರಡು ಆಟ ಮುಗಿದ ಮೇಲೆ ಆ ವರ್ಷ ತಂಡದ ಗತಿ ಏನಾದೀತು ಎಂದು ನಾನು ಒಂದು ಪುಟದ ಮುನ್ನೋಟ ಬರೆಯುತ್ತಿದ್ದೆ. ಸ್ಟೇಷನ್ ರಸ್ತೆಯ ಕಟಿಂಗ್ ಶಾಪಿನ ಗಾಜಿಗೆ ಅದನ್ನು ಅಂಟಿಸುತ್ತಿದ್ದರು. ಸರದಿಗೆ ಕೂತವರು ಓದುತ್ತಿದ್ದರು, ಮುಖಕ್ಕೆ ಸೋಪು ಹಚ್ಚಿಸಿಕೊಂಡವರು ಓದಿಸಿ ಕೇಳುತ್ತಿದ್ದರು. ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದರು. ಸಂಜೆಯೊಳಗೆ ಬೇಲೂರಿನಲ್ಲಿ ಯಾರೋ ಅದನ್ನು ಓದಿ ಬೈಯುತ್ತಿದ್ದರು. ಇದು ನನಗೆ ತುಂಬ ಇಷ್ಟವಾಗಿತ್ತು. ಎಷ್ಟು ಇಷ್ಟವಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ರುದ್ರೇಶ ನಮ್ಮ ಗೋಲ್‌ಕೀಪರ್. ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಖಾಸಗಿ ಬಸ್ಸೊಂದರ ಡ್ರೈವರ್. ಆಟವಿದ್ದ ದಿನ ಮಧ್ಯಾಹ್ನದ ಟ್ರಿಪ್ ಮುಗಿಸಿ, ಖಾಕಿ ಅಂಗಿ ಕಳಚಿ ಗೋಲಿನ ಕಂಬಕ್ಕೆ ನೇತುಹಾಕಿ ನಿಲ್ಲುತ್ತಿದ್ದ. ಆರು ಅಡಿ ಆಳು, ಮಾತು ಕಡಿಮೆ. ಹತ್ತು ವರ್ಷ ಆ ಗೋಲು ಅವನದೇ ಆಗಿತ್ತು.

ನಮ್ಮ ಕಡೆ ನಾಣ್ಯ ಚಿಮ್ಮುವುದಿಲ್ಲ. ಬಂದ ತಂಡಕ್ಕೆ ಮೊದಲ ಚೆಂಡು, ಊರಿನ ತಂಡಕ್ಕೆ ಬದಿಯ ಆಯ್ಕೆ. ನಮ್ಮ ಮೈದಾನದ ಪಶ್ಚಿಮಕ್ಕೆ ನೀರಿನ ಟ್ಯಾಂಕಿದೆ. ಎರಡನೇ ಅರ್ಧದಲ್ಲಿ ನಮ್ಮ ಕೀಪರ್ ಆ ಟ್ಯಾಂಕಿಗೆ ಬೆನ್ನು ಮಾಡಿ ನಿಲ್ಲಬೇಕು ಎಂಬುದು ಮೊದಲಿನಿಂದ ಬಂದ ಪದ್ಧತಿ. ಅದನ್ನು ಕಾಯುತ್ತಿದ್ದವರು ಬಸಣ್ಣ. ಕೊಬ್ಬರಿ ವ್ಯಾಪಾರಿ, ಹಳೇ ಆಟಗಾರ, ತಂಡಕ್ಕೆ ಹಿರಿಯ.

ಆರು ವರ್ಷದ ಹಿಂದೆ, ಆಟಗಳು ಶುರುವಾಗುವ ಮೊದಲು ನಾನು ಅವರನ್ನು ಕೇಳಿದೆ, "ಯಾಕೆ ಹಾಗೇ ನಿಲ್ಲಬೇಕು ಬಸಣ್ಣ?"

"ಯಾಕೆ ಅಂದ್ರೆ? ನಮ್ಮಪ್ಪನ ಕಾಲ್ದಿಂದ ಹಂಗೇ ಐತೆ. ಹಂಗೆ ನಿಂತಾಗ ಗೆದ್ದಿದೀವಿ."

"ಸೋತೂ ಇದ್ದೀರಲ್ಲ?"

"ಸೋತಿದ್ದನ್ನ ಯಾರು ನೆನಪಿಟ್ಕತಾರೆ ಮೇಷ್ಟ್ರೇ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೈದಾನ ಟ್ಯಾಂಕಿನ ಕಡೆಗೆ ಸ್ವಲ್ಪ ಇಳಿಜಾರಾಗಿದೆ. ಎದುರಾಳಿ ದಣಿದಿರುವ ಎರಡನೇ ಅರ್ಧದಲ್ಲಿ ನಾವು ಇಳಿಜಾರಿನ ಕಡೆ ನುಗ್ಗಿದರೆ ಲಾಭ ಎಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಮೂಢನಂಬಿಕೆ ಎಂಬ ಮಾತನ್ನೂ ಆಡಿದೆ. ಓದಿದವನು ಹೇಳುತ್ತಿದ್ದಾನೆ ಎಂದು ಹುಡುಗರು ಒಪ್ಪಿದರು. ಬಸಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಮೊದಲ ಆಟ ಬಾಣಾವರದ ಮೇಲೆ, ಎರಡನೆಯದು ಬೇಲೂರಿನ ಮೇಲೆ. ಎರಡೂ ನಮ್ಮ ಮೈದಾನದಲ್ಲೇ. ಎರಡನ್ನೂ ಸೋತೆವು. ಮೂರು ಗೋಲು ಬಿದ್ದವು, ಮೂರೂ ಎರಡನೇ ಅರ್ಧದಲ್ಲಿ, ಮೂರೂ ದೂರದಿಂದ ಎತ್ತಿ ಹೊಡೆದವು. ರುದ್ರೇಶ ಚೆಂಡು ತಲೆಯ ಮೇಲೆ ಬಂದಾಗ ಕೈ ಎತ್ತಿದ. ಅಷ್ಟು ಹೊತ್ತಿಗೆ ಅದು ಬಲೆಯಲ್ಲಿತ್ತು.

ಬೇಲೂರಿನ ಆಟದ ಆ ಸಂಜೆ ನಾನು ಅವನ ಗೋಲಿನ ಹಿಂದೆಯೇ, ಕಬ್ಬಿಣದ ಕುರ್ಚಿಯಲ್ಲಿ, ಸ್ಕೋರ್ ಪುಸ್ತಕ ಹಿಡಿದು ಕೂತಿದ್ದೆ. ಅವನ ಮುಖ ಯಾವ ಕಡೆಗಿತ್ತೋ ನನ್ನ ಮುಖವೂ ಅದೇ ಕಡೆಗಿತ್ತು. ಪಶ್ಚಿಮಕ್ಕೆ. ಸಂಜೆ ಐದರ ನಂತರ, ಆ ತಿಂಗಳಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಕೂತವನಿಗೆ ಏನು ಕಾಣಬಹುದು — ಇದನ್ನು ತಿಳಿಯಲು ಎಂ.ಎ. ಬೇಕಿಲ್ಲ. ಆದರೆ ಮೋಡವಿದ್ದಿದ್ದರೆ? ಮೋಡವಿದ್ದಿದ್ದರೆ ನನ್ನ ಬದಿಯ ಲೆಕ್ಕಾಚಾರ ತಪ್ಪಲ್ಲ, ಕೀಪರನೇ ತಪ್ಪಿದ್ದು. ನೋಡಿ, ಆ ಮೋಡದ ಮೇಲೆ ಎಷ್ಟೊಂದು ನಿಂತಿದೆ...

ಮರುದಿನ ಬೆಳಿಗ್ಗೆ ಮುನ್ನೋಟ ಬರೆದೆ. ಮುಂಚೂಣಿ ಚುರುಕಾಗಿದೆ ಎಂದು ಬರೆದೆ. ಬಿಕ್ಕೋಡಿನಿಂದ ಬಂದು ಸೇರಿದವನ ಎಡಗಾಲನ್ನು ಹೊಗಳಿದೆ. ಎರಡು ಸೋಲಿಗೆ ಎದೆಗುಂದಬೇಕಿಲ್ಲ, ಮುಂದಿನ ಮೂರರಲ್ಲಿ ಎರಡು ಗೆದ್ದರೂ ಸಾಕು ಎಂದೆ. ಆಮೇಲೆ ಈ ಸಾಲು: "ಆದರೆ ನಮ್ಮ ಗೋಲನ್ನು ಕಾಯುವವನ ಕಣ್ಣಿಗೆ ದೂರದ್ದು ಕಾಣುತ್ತಿಲ್ಲ; ಅವನು ಅಲ್ಲಿರುವ ತನಕ ಮಿಕ್ಕ ಹತ್ತು ಜನ ಏನು ಮಾಡಿದರೂ ವ್ಯರ್ಥ." ಬದಿ ಬದಲಿಸಿದ್ದರ ಬಗ್ಗೆ ಒಂದಕ್ಷರವಿರಲಿಲ್ಲ. ಸಾಲು ಚೆನ್ನಾಗಿ ಬಂತು ಎಂದು ಎರಡು ಸಲ ಓದಿಕೊಂಡದ್ದು ನೆನಪಿದೆ. ಇದರಲ್ಲಿ ಅನುಮಾನವಿಲ್ಲ.

ರುದ್ರೇಶನ ಕೆಲಸ ಯಾವುದು ಎಂದು ಬರೆಯುವಾಗ ನಾನು ಯೋಚಿಸಲಿಲ್ಲ. ಊರು ಯೋಚಿಸಿತು. ಆ ವಾರ ಜಾವಗಲ್ಲಿನಲ್ಲಿ ಬಸ್ಸು ಹತ್ತಿದ ಯಾರೋ ಒಬ್ಬ ಬಾಗಿಲಲ್ಲೇ ನಿಂತು ಕೇಳಿದನಂತೆ, "ಯಾರ್ಲಾ ಸ್ಟೇರಿಂಗ್ ಮೇಲೆ? ಚೆಂಡು ಕಾಣ್ದಿರೋನಾ? ಹಂಗಾರೆ ನಾನು ಹಿಂದಿನ ಬಸ್ಸಿಗೆ ಬತ್ತೀನಿ." ತಮಾಷೆಗೆ ಅಂದದ್ದು. ನಾಲ್ಕು ಜನ ನಕ್ಕರಂತೆ. ಒಬ್ಬಾಕೆ ಮಾತ್ರ ನಗದೆ ಮಗುವನ್ನು ಎತ್ತಿಕೊಂಡು ಇಳಿದುಬಿಟ್ಟಳಂತೆ. ಮಾತು ಬಸ್ಸಿನ ಮಾಲೀಕನಿಗೆ ಮುಟ್ಟಿತು. ರುದ್ರೇಶ ಹಾಸನಕ್ಕೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿ, ದೋಷವಿಲ್ಲ ಎಂಬ ಚೀಟಿ ತಂದು ಕೊಟ್ಟ. ಮಾಲೀಕ ಓದಿ ಮಡಿಸಿ ಹಿಂದಕ್ಕೆ ಕೊಟ್ಟನಂತೆ. "ನಂಗೆ ನಿನ್ ಕಣ್ಣಿನ ಮೇಲೆ ಅನುಮಾನ ಇಲ್ಲ ಕಣಪ್ಪ. ಜನಕ್ಕೆ ಐತಲ್ಲ, ಏನ್ಮಾಡ್ಲಿ?"

ಆ ಚೀಟಿ ಜೇಬಿನಲ್ಲಿದ್ದಾಗಲೇ ಅವನು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದು. ಜಗಳಕ್ಕೆ ಬಂದನೇನೋ ಎಂದು ನಾನು ಹೆಗಲಿನ ಚೀಲವನ್ನು ಮುಂದಕ್ಕೆ ಎಳೆದುಕೊಂಡೆ.

"ಮೇಷ್ಟ್ರೇ, ಡಾಕ್ಟ್ರು ಕಾಣ್ತದೆ ಅಂತಾರೆ. ನೀವು ಕಾಣಲ್ಲ ಅಂತೀರಿ. ನೀವು ಓದ್ದೋರು, ಹಿಂದೇನೆ ಕೂತಿದ್ರಿ. ನಿಜ ಹೇಳ್ಬಿಡಿ, ನಂಗೆ ಕಾಣಲ್ವಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ನಿಜವಾಗಿಯೇ ಕೇಳುತ್ತಿದ್ದ. ನನ್ನ ಒಂದು ಸಾಲು ಅವನಿಗೇ ಅವನ ಕಣ್ಣಿನ ಮೇಲೆ ನಂಬಿಕೆ ಹೋಗುವಂತೆ ಮಾಡಿತ್ತು. ಆಗ ಹೇಳಬಹುದಿತ್ತು. ಬಿಸಿಲಿತ್ತು ಕಣೋ, ಬದಿ ಬದಲಿಸಿದವನು ನಾನು... ಇಷ್ಟೇ ಸಾಕಿತ್ತು.

"ನೋಡಿದ್ದನ್ನ ಬರೆದಿದ್ದೀನಿ ರುದ್ರೇಶ," ಎಂದೆ.

ಅವನು ತಲೆ ಆಡಿಸಿದ. "ಆಯ್ತು ಬಿಡಿ," ಎಂದು ಹೋದ. ಮತ್ತೆ ಮೈದಾನಕ್ಕೆ ಬರಲಿಲ್ಲ.

ಮುಂದಿನದು ಇನ್ನೂ ಕೆಟ್ಟದ್ದು. ಮೂರನೇ ಆಟಕ್ಕೆ ಹೊಸ ಕೀಪರ್ ನಿಂತ. ಬಸಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ, "ನಿಮ್ ಇಳಿಜಾರು ಸಾಕು ಮೇಷ್ಟ್ರೇ. ಹಳೇ ತರಾನೇ ನಿಲ್ಲಿಸ್ತೀನಿ," ಎಂದರು. ನಾನು ಹೂಂ ಎಂದೆ. ಹೊಸಬ ಎರಡನೇ ಅರ್ಧದಲ್ಲಿ ಟ್ಯಾಂಕಿಗೆ ಬೆನ್ನು ಮಾಡಿ ನಿಂತ, ಬಂದ ಚೆಂಡನ್ನೆಲ್ಲ ಹಿಡಿದ, ನಾವು ಗೆದ್ದೆವು. ಕಟಿಂಗ್ ಶಾಪಿನಲ್ಲಿ ಜನ ನನಗೆ ಜಾಗ ಬಿಟ್ಟು ಕೂರಿಸಿದರು. ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜವಾಯಿತು ಎಂದರು. ಎರಡು ಬದಲಾವಣೆ ಒಟ್ಟಿಗೆ ಆದಾಗ ಗೆಲುವಿಗೆ ಕಾರಣ ಯಾವುದೆಂದು ಹೇಗೆ ಹೇಳುತ್ತೀರಿ ಎಂದು ಯಾರೂ ಕೇಳಲಿಲ್ಲ. ಆಧಾರ ಕೇಳುವವನು ನಾನೊಬ್ಬನೇ ಆಗಿದ್ದೆ. ನಾನು ಟೀ ಕುಡಿಯುತ್ತಿದ್ದೆ.

ರುದ್ರೇಶ ಈಗ ಅದೇ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬೇರೆಯವರು ಓಡಿಸುವ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುತ್ತಾನೆ. "ಜಾವಗಲ್, ಹಳೇಬೀಡು, ಬೇಲೂರು..." ನಾನು ಮುನ್ನೋಟ ಬರೆಯುವುದನ್ನು ಬಿಟ್ಟೆ. ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದೆ. ಹಳೇಬೀಡಿಗೆ ಹೋಗಬೇಕಾದಾಗ ರೈಲ್ವೆ ಗೇಟಿನ ಹತ್ತಿರ ನಿಂತು ಬಸ್ಸು ಹತ್ತುತ್ತೇನೆ. ಒಮ್ಮೆ ಮಾತ್ರ ಸ್ಟ್ಯಾಂಡಿಗೇ ಹೋಗಬೇಕಾಯಿತು. ಅವನು ನನ್ನನ್ನು ದೂರದಿಂದಲೇ ಗುರುತಿಸಿದ. "ಮೇಷ್ಟ್ರೇ, ಕಿಟಕಿ ಸೀಟ್ ಐತೆ, ಬನ್ನಿ," ಎಂದು ಕೂಗಿದ. ಮೂರು ಬಸ್ಸುಗಳ ಆಚೆಯಿಂದ.

ಈ ವರ್ಷ ತಂಡ ಮೊದಲೆರಡು ಆಟಗಳನ್ನೂ ಗೆದ್ದಿದೆ. ಹೋದ ವಾರ ಬಸಣ್ಣ ಮನೆಗೇ ಬಂದರು. "ಹುಡುಗ್ರು ಚೆನ್ನಾಗಿ ಆಡ್ತಾವ್ರೆ. ಈ ಸಲ ನೀವು ಬರೀಲೇಬೇಕು," ಎಂದರು. ಹಾಳೆ ಮುಂದಿಟ್ಟುಕೊಂಡು ಕೂತೆ. ಈ ತಂಡದ ಮೇಲೆ ನನಗೆ ಭರವಸೆಯಿದೆ. ಎಷ್ಟೋ ವರ್ಷದ ಮೇಲೆ ಮಧ್ಯದಲ್ಲಿ ಚೆಂಡನ್ನು ಹಿಡಿದಿಟ್ಟುಕೊಳ್ಳುವವರು ಸಿಕ್ಕಿದ್ದಾರೆ, ಬೇಲೂರಿಗೆ ಹೋಗಿಯೂ ಗೆಲ್ಲಬಹುದು. ಆದರೆ ಕೀಪರ್ ಬಗ್ಗೆ ಬರೆಯಬೇಕಾದ ಜಾಗಕ್ಕೆ ಬಂದಾಗ ಕೈ ನಿಂತಿತು. ಎದ್ದು ಓಡಾಡಿದೆ, ಮತ್ತೆ ಕೂತೆ. ಕೊನೆಗೆ ಇದನ್ನು ಬರೆದೆ. ಮುನ್ನೋಟದ ಬದಲು ಕಟಿಂಗ್ ಶಾಪಿನ ಗಾಜಿನ ಮೇಲೆ ಇದೇ ಇರುತ್ತದೆ. ಒಂದು ಪ್ರತಿ ಬಸ್ಸಿನ ಮಾಲೀಕನಿಗೆ. ಮೊದಲ ಪ್ರತಿಯನ್ನು ಸ್ಟ್ಯಾಂಡಿಗೆ ನಾನೇ ಒಯ್ಯುತ್ತೇನೆ. ಆರು ವರ್ಷ ಸ್ಟೇರಿಂಗ್ ಬಿಟ್ಟವನಿಗೆ ಈ ಕಾಗದದಿಂದ ಅದು ಮರಳಿ ಸಿಗುತ್ತದೋ — ಗೊತ್ತಿಲ್ಲ. ಕ್ಷಮಿಸು ಎಂದು ಇದರಲ್ಲಿ ಬರೆದಿಲ್ಲ. ಅದನ್ನು ಅವನ ಎದುರಿಗೆ ನಿಂತೇ ಹೇಳಬೇಕು.

ಇದನ್ನು ಅಂಟಿಸುವ ಮೊದಲು ಒಂದನ್ನು ನೋಡಲೇಬೇಕಿತ್ತು. ಹಳೆಯ ಸ್ಕೋರ್ ಪುಸ್ತಕ. ಅದು ಬಸಣ್ಣನ ಗೋಡೌನಿನಲ್ಲಿ, ಹರಿದ ಬಲೆ ಮತ್ತು ಹಳೆ ಜೆರ್ಸಿಗಳ ಟ್ರಂಕಿನಲ್ಲಿದೆ ಎಂಬುದು ನನಗೆ ಆರು ವರ್ಷವೂ ಗೊತ್ತಿತ್ತು. ನಿನ್ನೆ ಹೋಗಿ ತೆಗೆಸಿದೆ. ಪುಟಕ್ಕೆ ಕೊಬ್ಬರಿಯ ವಾಸನೆ ಹತ್ತಿತ್ತು. ಬೇಲೂರಿನ ಆಟ, ಎರಡನೇ ಅರ್ಧ, ಅವರ ಮೊದಲ ಗೋಲು. ಹೊಡೆದವನ ಅಂಗಿಯ ನಂಬರ್ ಬರೆಯಬೇಕಾದ ಜಾಗದಲ್ಲಿ ನಂಬರ್ ಇಲ್ಲ. ನನ್ನದೇ ಅಕ್ಷರದಲ್ಲಿ ಹೀಗಿದೆ: "ಬಿಸಿಲು ಕಣ್ಣಿಗೆ. ಕಾಣಲಿಲ್ಲ."