ತಟ್ಟೆ ಎಲ್ಲಿ ಸಾರ್?

ಕಳೆದ ಸೋಮವಾರ ನಮ್ಮ ಚಿಂತಾಮಣಿ ಕಾಲೇಜಿನ ಲ್ಯಾಬ್ ಮುಂದಿನ ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರು. ಉಳಿದ ಮೇಡಂಗಳು ಸೆರಗನ್ನು ಮೂಗಿಗೆ ಹಿಡಿದು ಓಡಿದರು. ನಾನು ಅಲ್ಲೇ ನಿಂತೆ. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ, ಗೌರಿಬಿದನೂರಿನ ಕಾಲೇಜಿನಲ್ಲಿ ನನಗೆ ಕಂಪ್ಯೂಟರಿನ ಸಿ ಭಾಷೆಯ ಪಾಠ ಹೇಳಿದ ಮೇಷ್ಟ್ರು. ಹೊಟ್ಟೆ ಉರಿಯದೆ ಅವರನ್ನು ನೆನೆದ ದಿನವೇ ಇಲ್ಲ.

ಸಾದಲಿ ಹತ್ತಿರ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಪ್ರತಿ ಬೆಳೆಗೂ ಮುಂಚೆ ಹುಳುವಿನ ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕು, ಹುಳು ಬಿಡುವ ತಟ್ಟೆಗಳನ್ನು ಒಣಗಿಸಿ ಜೋಡಿಸಬೇಕು, ಮರಿಹುಳು ತರುವುದು ಆಮೇಲೆ. ಭಾನುವಾರ ಆ ಕೆಲಸ ಮುಗಿಸಿ ಸೋಮವಾರ ಬೆಳಿಗ್ಗೆ ಬಸ್ಸಿಳಿದರೆ ಕೈಯಲ್ಲಿ ವಾಸನೆ ಇನ್ನೂ ಇರುತ್ತಿತ್ತು. ಮೇಷ್ಟ್ರು ಮೂಗು ಮುರಿಯುತ್ತಿದ್ದರು.

ಪಾಠ ಮಾತ್ರ... ಸುಳ್ಳು ಹೇಳಬಾರದು, ಚೆನ್ನಾಗಿ ಮಾಡುತ್ತಿದ್ದರು. ಸ್ಟ್ರಕ್ಚರ್ ಎಂದರೆ ಒಂದು ಪೆಟ್ಟಿಗೆ ಎಂದು ಬೋರ್ಡಿನ ಮೇಲೆ ಬರೆದು ಎರಡು ಖಾನೆ ಮಾಡಿದರು. ಒಂದರಲ್ಲಿ ವಿದ್ಯಾರ್ಥಿಯ ನಂಬರು. ಇನ್ನೊಂದರಲ್ಲಿ ಹೆಸರಲ್ಲ, ಹೆಸರು ಇರುವ ಜಾಗದ ವಿಳಾಸ, ಅದೇ ಪಾಯಿಂಟರ್. ಆ ಖಾನೆಯಿಂದ ಹೊರಗೆ ಒಂದು ಬಾಣ ಎಳೆದರು. ಇವತ್ತಿಗೂ ನಾನು ಅದೇ ಬಾಣ ಎಳೆಯುತ್ತೇನೆ. ಆದರೆ ಬಾಣದ ತುದಿಯಲ್ಲಿ ಹೆಸರಿಗೆ ಜಾಗವನ್ನೇ ಮಾಡದೆ, ಹೆಸರು ಓದಿಕೊಳ್ಳುವ ಸಾಲನ್ನು ಬರೆಸಿಬಿಟ್ಟರು. ನಾನು ಎದ್ದು ನಿಂತೆ.

“ಸಾರ್, ಹುಳ ತರೋಕೆ ಮುಂಚೆ ತಟ್ಟೆ ಇಡ್ಬೇಕಲ್ವಾ? ಇಲ್ಲಿ ತಟ್ಟೆ ಎಲ್ಲಿ ಸಾರ್?”

ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರ ಕಿವಿ ಕೆಂಪಾಯಿತು. ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. “ಏಮ್ಮಾ, ನಾಕೇ ಪಾಠಾಲಾ? ಹುಳ ಮೇಯಿಸೋರ ಹತ್ರ ನಾನು ಸಿ ಕಲೀಬೇಕಾ? ಕೂತ್ಕೊಳ್ಳೇ ಹುಳ!”

ಅಂದಿನಿಂದ ಕಾಲೇಜಿನಲ್ಲಿ ನನ್ನ ಹೆಸರೇ ಹುಳ ಎಂದಾಯಿತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದೇ ಪ್ರೋಗ್ರಾಂ ಬಂದಾಗ, ಹೆಸರಿಗೆ ಜಾಗ ಮಾಡುವ ಸಾಲನ್ನು ಸೇರಿಸಿ ಬರೆದೆ. ನೋಟ್ಸಿನಲ್ಲಿ ಇದ್ದಂತಿಲ್ಲ ಎಂದು ಮೇಷ್ಟ್ರು ಅಂಕ ಕಳೆದರು. ಫೇಲಾದೆ. ಜೊತೆಯವರೆಲ್ಲ ಮುಂದಕ್ಕೆ ಹೋದರು; ನಾನು ಒಂದು ವರ್ಷ ಮನೆಯಲ್ಲಿ ಕೂತು ಹುಳುವಿಗೆ ಸೊಪ್ಪು ಹಾಕಿದೆ. ಸೊಪ್ಪಿನ ಜೊತೆಗೆ ಅವರಿಗೆ ಶಾಪವನ್ನೂ ಹಾಕಿದ್ದೇನೆ, ನನಗೇನೂ ನಾಚಿಕೆಯಿಲ್ಲ.

ಓದು ಮುಗಿಸಿ ನಾನೂ ಮೇಡಂ ಆದೆ. ಕೆಲವು ವರ್ಷಗಳ ಮೇಲೆ ಅದೇ ಕಾಲೇಜಿಗೆ ಹೊರಗಿನ ಪರೀಕ್ಷಕಿಯಾಗಿ ಹೋದೆ, ಬೇಕೆಂದೇ ಕೇಳಿ ಹಾಕಿಸಿಕೊಂಡಿದ್ದೆ. ಹಳೆಯ ಕಂಪ್ಯೂಟರುಗಳಲ್ಲಿ ಆ ತಪ್ಪು ಸಾಲು ಅದೃಷ್ಟದ ಮೇಲೆ ಓಡುತ್ತಿತ್ತು. ಈಗ ಲ್ಯಾಬಿಗೆ ಹೊಸವು ಬಂದಿದ್ದವು, ಮೇಷ್ಟ್ರ ನೋಟ್ಸು ಹಳೆಯದೇ. “ಸಾರ್, ಈ ಪ್ರೋಗ್ರಾಂ ನೀವೇ ಒಂದ್ಸಲ ಓಡಿಸಿ ತೋರ್ಸಿ,” ಎಂದೆ, ವಿದ್ಯಾರ್ಥಿಗಳೆಲ್ಲರ ಎದುರಿಗೆ. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರು. ಸೆಗ್ಮೆಂಟೇಶನ್ ಫಾಲ್ಟ್ ಎಂದು ತೋರಿಸಿ ಪ್ರೋಗ್ರಾಂ ನಿಂತುಹೋಯಿತು. ಮತ್ತೊಮ್ಮೆ ಒತ್ತಿದರು. ಮತ್ತೊಮ್ಮೆಯೂ ಅದೇ.

“ತಟ್ಟೆ ಎಲ್ಲಿ ಸಾರ್?”

ವಿದ್ಯಾರ್ಥಿಗಳಿಗೆ ಅರ್ಥವಾಗಲಿಲ್ಲ, ಮೇಷ್ಟ್ರಿಗೆ ಆಯಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆಮೇಲೆ ಕಾರಿಡಾರಿನಲ್ಲಿ ಟೀ ಕುಡಿಯುವಾಗ ಅವರೇ ಮಾತು ತೆಗೆದರು. “ನೀನ್ ಹೇಳಿದ್ದು ಸರಿ ಅಂತ ನಂಗೆ ಅವತ್ತೇ ಗೊತ್ತಿತ್ತಮ್ಮ.”

“ಮತ್ತೆ ಮಾರ್ಕ್ಸ್ ಯಾಕ್ ಸಾರ್ ಕಟ್ ಮಾಡಿದ್ರಿ?”

ಅವರು ಹೊರಗೆ ನೋಡಿದರು. “ಟೀ ಆರೋಗ್ತದೆ, ಕುಡಿ.”

ತಿಳಿಯದೆ ಮಾಡಿದ್ದರೆ ಬೇರೆ ಮಾತು... ಗೊತ್ತಿದ್ದೂ! ಟೀ ಅಲ್ಲೇ ಬಿಟ್ಟು ಎದ್ದು ಬಂದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಹಾಕಲಿಲ್ಲ.

ಸೋಮವಾರ ಇದನ್ನೆಲ್ಲ ಮೆಲುಕು ಹಾಕುತ್ತಲೇ ಕ್ಲಾಸಿಗೆ ಹೋದೆ. ಪ್ರೋಗ್ರಾಮಿನ ಕೆಲಸ ಮುಗಿದ ಮೇಲೆ ಕಂಪ್ಯೂಟರಿಗೆ ಜಾಗವನ್ನು ಹಿಂತಿರುಗಿಸುವ ಪಾಠ. ಮನಸ್ಸು ಎಲ್ಲೋ ಇತ್ತು. ಮೊದಲು ಪೆಟ್ಟಿಗೆಯನ್ನೇ ಹಿಂತಿರುಗಿಸಿ, ಆಮೇಲೆ ಹೆಸರಿನ ಜಾಗವನ್ನು ಹಿಂತಿರುಗಿಸುವಂತೆ ಬರೆದೆ. ಎರಡನೇ ಬೆಂಚಿನ ಹುಡುಗಿ ಎದ್ದಳು.

“ಮ್ಯಾಮ್, ಬಾಕ್ಸೇ ವಾಪಸ್ ಕೊಟ್ಬಿಟ್ರೆ ಹೆಸರಿನ ಅಡ್ರೆಸ್ ಎಲ್ಲಿ ಓದ್ತೀರಾ?”

ಕ್ಲಾಸು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. “ಮೊದ್ಲು ತಲೆ ಬಾಚ್ಕೊಂಡ್ ಬಾರಮ್ಮ, ಆಮೇಲೆ ನಂಗೆ ಪಾಠ ಹೇಳು,” ಎಂದುಬಿಟ್ಟೆ. ಕ್ಲಾಸು ಇನ್ನೂ ಜೋರಾಗಿ ನಕ್ಕಿತು, ಈ ಸಲ ಅವಳನ್ನು ನೋಡಿ.

ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಕೂರುವ ಮೊದಲು ಅವಳು ನನ್ನನ್ನು ನೋಡಿದ ನೋಟವೂ ಗೊತ್ತು... ಅದನ್ನು ನಾನು ಎಷ್ಟು ವರ್ಷ ಸಾಕಿಕೊಂಡು ಬಂದಿದ್ದೇನೆ.

ಸ್ಟಾಫ್ ರೂಮಿಗೆ ಬಂದು ಫೋನಿನಲ್ಲಿ ಮೇಷ್ಟ್ರ ನಂಬರು ಹುಡುಕಿ ಒತ್ತಿದೆ. ಅವರಿಲ್ಲವೆಂದು ಗೊತ್ತಿದ್ದೂ ಒತ್ತಿದೆ. ಯಾರೋ ಎತ್ತಿದರು.

“ಯಾರ್ ಬೇಕಿತ್ತಕ್ಕಾ?”

“ನಮ್ಮ ಮೇಷ್ಟ್ರನ್ನ ಬಯ್ಯಬೇಕಿತ್ತಪ್ಪಾ,” ಎಂದೆ.

“ಈ ನಂಬರ್ ಈಗ ನಂದಕ್ಕ,” ಎಂದು ಇಟ್ಟುಬಿಟ್ಟರು.