ದೊರೆಸಾನಿಯ ಸೂಜಿಮದ್ದು

ಬೆಕ್ಕಿನ ಕಿವಿ ಎಷ್ಟು ತೆಳ್ಳಗಿರುತ್ತದೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ನಾನರಿಯೆ. ಆಯುಷ್ಯದ ಬಹುಭಾಗವನ್ನು ವಿದ್ಯಾರ್ಥಿಗಳ ಕಿವಿ ಹಿಂಡುವುದರಲ್ಲೇ ವ್ಯಯಿಸಿದ ನಾನಂತೂ, ನಿವೃತ್ತನಾಗಿ ಶಹಾಪುರದ ಈ ಓಣಿಯಲ್ಲಿ ಕಾಲು ಚಾಚಿ ಕೂರುವವರೆಗೆ, ಆ ಪ್ರಾಣಿಗೆ ಕಿವಿಯಿದೆ ಎಂಬುದಕ್ಕಿಂತ ಹೆಚ್ಚಿನ ಜ್ಞಾನವನ್ನು ಸಂಪಾದಿಸಿರಲಿಲ್ಲ. ಈಗ ದಿನಾ ಬೆಳಿಗ್ಗೆ ಚಹಾದ ಕಪ್ಪಿಗಿಂತ ಮೊದಲು ನನ್ನ ಕೈಗೆ ಬರುವುದು ಬೆಕ್ಕಿನ ಕಿವಿಯೇ. ಕಿಟಕಿಯ ಬೆಳಕಿಗೆ ಒಡ್ಡಿದರೆ ಅದರಲ್ಲಿ ಕೂದಲೆಳೆಯಂಥ ರಕ್ತನಾಳಗಳು ಕಾಣುತ್ತವೆ. ಅಂಚಿಗೆ ಸೂಜಿಯ ಮೊನೆ ತಾಗಿಸಿ, ಒಸರಿದ ರಕ್ತಬಿಂದುವನ್ನು ಶುಗರ್ ಅಳೆಯುವ ಯಂತ್ರದ ಪಟ್ಟಿಗೆ ಮುಟ್ಟಿಸಿ, ಅಂಕಿ ಮೂಡುವತನಕ ನಾನು ಉಸಿರು ಬಿಗಿಹಿಡಿದು ಕೂರುತ್ತೇನೆ, ಬೆಕ್ಕು ಆಕಳಿಸುತ್ತದೆ.

ಈ ಬೆಕ್ಕಿನ ಹೆಸರು ದೊರೆಸಾನಿ. ನನ್ನ ಹೆಂಡತಿ ಶಾಂತಾ ತನ್ನ ತವರಾದ ಸುರಪುರದಿಂದ, ಬುಟ್ಟಿಯಲ್ಲಿ ಮುಚ್ಚಿಟ್ಟು, ಬಸ್ಸಿನ ಕಂಡಕ್ಟರನ ಕಣ್ಣು ತಪ್ಪಿಸಿ ತಂದ ಮರಿ ಅದು. ದೊರೆಗಳಾಳಿದ ಊರಿನಿಂದ ಬಂದದ್ದೆಂದು ಹೆಸರಿಟ್ಟವನು ನಾನು. ಆ ಬಿರುದು ಬುಟ್ಟಿ ತಂದವಳಿಗೂ ಸಲ್ಲುತ್ತದೆಂಬ ಅಭಿಪ್ರಾಯವನ್ನು ಮಾತ್ರ ಸಂಸಾರದ ಹಿತದೃಷ್ಟಿಯಿಂದ ಈವರೆಗೆ ಪ್ರಕಟಿಸಿಲ್ಲ. ಕಚೇರಿಯಿಂದ ಬಂದ ಶಾಂತಾ ಚಪ್ಪಲಿ ಬಿಡುವ ಮೊದಲೇ ಕರೆಯುವುದು ಬೆಕ್ಕನ್ನು; ನನ್ನ ಸರದಿ ಆಮೇಲೆ, ಅದೂ ತರಕಾರಿ ತಂದಿರೇನು ಎಂದು ಕೇಳುವುದಕ್ಕೆ.

ಇಂಥ ದೊರೆಸಾನಿ ಹಂಡೆಯ ನೀರನ್ನೆಲ್ಲ ನೆಕ್ಕಿ ಕುಡಿಯುತ್ತ, ಉಂಡದ್ದು ಮೈಗೆ ಹತ್ತದೆ ಬಡಕಲಾಗತೊಡಗಿದಾಗ, ಅದೇ ಹಳೆಯ ಬುಟ್ಟಿಯಲ್ಲಿ ಅದನ್ನು ಯಾದಗಿರಿಗೆ ಒಯ್ದೆವು. ದನದ ದವಾಖಾನೆಯಲ್ಲಿ ಎಮ್ಮೆ ಎತ್ತುಗಳ ನಡುವೆ ಬುಟ್ಟಿ ಹಿಡಿದು ನಿಂತ ನಮ್ಮನ್ನು ರೈತರು ಕನಿಕರದಿಂದ ನೋಡಿದರು. ಡಾಕ್ಟರು ಪರೀಕ್ಷೆ ಮುಗಿಸಿ, "ಇದಕ ಶುಗರ್ ಅದರಿ, ದಿನಾ ಇನ್ಸುಲಿನ್ ಕೊಡಬೇಕಾಗ್ತದ" ಅಂದರು. ಅದೇ ರೋಗಕ್ಕೆ ಬಹುಕಾಲದಿಂದ ಗುಳಿಗೆ ನುಂಗುತ್ತಿರುವ ನನಗೆ ದೊರೆಸಾನಿಯ ಮೇಲೆ ಹಠಾತ್ತನೆ ಭ್ರಾತೃಪ್ರೇಮ ಉಕ್ಕಿತು. ಆದರೆ ನಮ್ಮಿಬ್ಬರಿಗೆ ಸಿಗುವ ಉಪಚಾರದಲ್ಲಿ ಅಜಗಜಾಂತರವಿತ್ತು. ಬೆಕ್ಕಿಗೆ ರೋಗ ಬಂದಾಗ ಶಾಂತಾ ಅತ್ತಳು. ನನಗೆ ಬಂದಾಗ, "ತಿನ್ರಿ, ಇನ್ನೂ ತಿನ್ರಿ" ಅಂದಿದ್ದಳು. ಈಗ ರೋಗಿಗಳಿಬ್ಬರಾದರೆಂದು ಮನೆಯಿಂದ ಸಕ್ಕರೆ, ಬೆಲ್ಲ, ಜೇನುತುಪ್ಪಗಳನ್ನು ಒಂದು ಕಾಳು, ಒಂದು ಹನಿ ಉಳಿಯದಂತೆ ಗಡಿಪಾರು ಮಾಡಿದಳು.

ಸೂಜಿ ಹಾಕುವ ಹೊಣೆ ನನ್ನ ಪಾಲಿಗೆ ಬಂತು. ಮೊದಲು ಬದನೆಕಾಯಿಯ ಮೇಲೆ ಅಭ್ಯಾಸ ಮಾಡಿದೆ. ಬದನೆಕಾಯಿ ಸಹನಾಮೂರ್ತಿ, ಬೆಕ್ಕು ಅದಕ್ಕಿಂತಲೂ ಸಹನಾಮೂರ್ತಿಯೆಂದು, ಹೆಗಲ ಸಡಿಲ ಚರ್ಮವನ್ನೆತ್ತಿ ಮೊದಲ ಸಲ ಚುಚ್ಚಿದಾಗ ತಿಳಿಯಿತು. ಅದು ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ. ಬೆವತದ್ದು ನಾನು.

ಆದರೆ ಎಷ್ಟು ಮಾಡಿದರೂ ಮದ್ದಿನ ಪ್ರಮಾಣ ಹೊಂದಲೊಲ್ಲದು. ಡಾಕ್ಟರು ಕಟ್ಟುನಿಟ್ಟು ಮನುಷ್ಯ. ನೀವಾಗಿಯೇ ಸಿರಿಂಜಿನ ಒಂದು ಗೆರೆಯನ್ನೂ ಏರಿಸಬೇಡಿ, ನನ್ನನ್ನು ಕೇಳಿ ಎಂದಿದ್ದರು. ನಾನು ಕೇಳುತ್ತಿದ್ದೆ, ಅವರು ಏರಿಸುತ್ತಿದ್ದರು, ಅಂಕಿ ತಾನೂ ಏರಿಯೇ ಇರುತ್ತಿತ್ತು. ಕೊನೆಗೊಮ್ಮೆ ಅವರು ಫೋನಿನಲ್ಲಿ, "ಸರ, ಬೆಕ್ಕು ಹೊರಗ ಏನರ ತಿಂತದೇನ್ರಿ?" ಎಂದು ಅನುಮಾನಿಸಿದರು. ನನ್ನ ಶಿಸ್ತಿನ ಸಾಮ್ರಾಜ್ಯಕ್ಕೆ ಅಪಚಾರವಾದಂತೆ ಅನಿಸಿತು. "ಛೇ ಛೇ! ನೀವು ಹೇಳಿದ ಕೋಳಿ, ತತ್ತಿ ಬಿಟ್ಟರ ಬ್ಯಾರೆ ಮುಟ್ಟಂಗಿಲ್ರಿ. ಮಂದಿ ಮನಿ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಅಭಿಮಾನದಿಂದ ನುಡಿದೆ. ಡಾಕ್ಟರು ನನ್ನ ಮಾತು ನಂಬಿ ಇನ್ನೊಂದಿಷ್ಟು ಏರಿಸಿದರು.

ಆ ವರ್ಷ ಕಾಲುವೆಗೆ ನೀರು ಬಿಡುವುದು ತಡವಾಗಿತ್ತು. ಬಿಟ್ಟ ಸುದ್ದಿ ಬಂದದ್ದೇ ತಡ, ಮರುದಿನ ನಸುಕಿಗೇ ನಮ್ಮ ಓಣಿ ಖಾಲಿಯಾಯಿತು. ಹೊಲವಿದ್ದವರು ತಮ್ಮ ಗದ್ದೆಗೆ, ಇಲ್ಲದವರು ಕೂಲಿಗೆ, ಬುತ್ತಿಗಂಟು ಹಿಡಿದ ಹೆಂಗಸರು ಟಂಟಂ ಆಟೋ ತುಂಬ ಕುಳಿತು ಭತ್ತದ ಸಸಿ ಹಚ್ಚಲು ಹೊರಟರು. ಶಾಂತಾ ಕಚೇರಿಗೆ ಹೋದಳು. ಈ ಅಪರೂಪದ ನಿಶ್ಶಬ್ದ ಸಾಹಿತ್ಯಾಸಕ್ತರಿಗೆಂದೇ ದಯಪಾಲಿಸಿದ್ದೆಂದು ಭಾವಿಸಿ, ದೊರೆಸಾನಿಗೆ ಊಟವಿಟ್ಟು, ಸೂಜಿ ಹಾಕಿ, ಪುಸ್ತಕ ಹಿಡಿದು ಕುಳಿತೆ.

ಮಧ್ಯಾಹ್ನದ ಹೊತ್ತಿಗೆ ದೊರೆಸಾನಿ ಓಲಾಡುತ್ತ ಒಳಗಿನಿಂದ ಬಂತು. ಗೋಡೆಗೆ ಹಣೆ ಆನಿಸಿ ಕೊಂಚ ಹೊತ್ತು ನಿಂತು, ಹಾಗೆಯೇ ಜಾರಿ ನೆಲಕ್ಕೆ ಬಿತ್ತು. ಕಾಲುಗಳು ಅದುರುತ್ತಿದ್ದವು. ಕಿವಿ ಚುಚ್ಚಿ ನೋಡಿದರೆ, ಸದಾ ಮೇಲೇರಿಯೇ ಇರುತ್ತಿದ್ದ ಅಂಕಿ ಪಾತಾಳಕ್ಕಿಳಿದಿತ್ತು. ಮೊದಲು ಡಾಕ್ಟರಿಗೆ, ಆಮೇಲೆ ಶಾಂತಾಳಿಗೆ ಫೋನು ಮಾಡಿದೆ.

"ಮದ್ದು ಹೆಚ್ಚಾಗ್ಯಾದ್ರಿ ಸರ. ಸಕ್ಕರಿ ನೀರಾಗ ಬೆರಳ ಅದ್ದಿ ಒಸಡಿಗಿ ತಿಕ್ಕ್ರಿ. ಬಾಯಾಗ ಸುರೀಬ್ಯಾಡ್ರಿ, ಉಸಿರ ಕಟ್ತದ. ಜಲ್ದಿ ಮಾಡ್ರಿ!" ಅಂದರು ಡಾಕ್ಟರು.

ಸಕ್ಕರೆ! ಓಣಿಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಓಡಿದೆ. ಎದುರುಮನೆಯ ನಿಂಗಮ್ಮನ ಬಾಗಿಲಿಗೆ ಬೀಗ, ಪಕ್ಕದ ಬಾನುಬಿಯ ಬಾಗಿಲಿಗೆ ಬೀಗ, ಮೂಲೆಯ ಕಿರಾಣಿ ಅಂಗಡಿಯವನೂ ಗದ್ದೆಗೆ ಹೋಗಿದ್ದ. ಕಾಲುವೆಯ ನೀರು ಇಡೀ ಓಣಿಯನ್ನೇ ಎಳೆದುಕೊಂಡು ಹೋಗಿತ್ತು. ಬರಿಗೈಯಲ್ಲಿ ತಿರುಗಿ ಬರುವಷ್ಟರಲ್ಲಿ ಶಾಂತಾ ಆಟೋದಲ್ಲಿ ಬಂದಿಳಿದು, ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಮನ್ಯಾಗಿನ ಸಕ್ಕರಿ ನಾನಽ ಕೈಯಾರೆ ಒಗದೀನಲ್ರೀ" ಎಂದು ಅವಳು ಅತ್ತಳು. ಬೆಕ್ಕು ಸಾಯುತ್ತಿತ್ತು, ನನ್ನ ಕೈಯ ಸೂಜಿಯಿಂದಲೇ ಸಾಯುತ್ತಿತ್ತು.

ಆಗ, ಪ್ರಿಯ ಓದುಗರೇ, ನಾನು ಪುಸ್ತಕದ ಕಪಾಟಿಗೆ ಹೋದೆ. ಶಾಂತಾ ಜನ್ಮದಲ್ಲಿ ಮುಟ್ಟಲಾರಳೆಂಬ ಭರವಸೆಯಿದ್ದ ದಪ್ಪನೆಯ ಸಂಸ್ಕೃತ ನಿಘಂಟನ್ನು ಸರಿಸಿ, ಅದರ ಹಿಂದಿದ್ದ ಡಬ್ಬಿಯನ್ನು ಹೊರತೆಗೆದೆ. ಅದರ ತುಂಬ ಸಕ್ಕರೆಯ ಬತ್ತಾಸು. ಗುಟ್ಟನ್ನು ಅಷ್ಟು ಭದ್ರವಾಗಿ ಕಾಪಾಡಿದ್ದರಿಂದ ಗಾಬರಿಯಲ್ಲಿ ನನಗೇ ಅದರ ನೆನಪಾಗಿರಲಿಲ್ಲ. ಎರಡು ಬತ್ತಾಸು ನೀರಿಗೆ ಬಿದ್ದದ್ದೇ ಕರಗಿದವು. ಶಾಂತಾ ಬಾಯಿ ಬಿಡಿಸಿ ಹಿಡಿದಳು, ನಾನು ತಿಕ್ಕಿದೆ, ತಿಕ್ಕುತ್ತಲೇ ಇದ್ದೆ. ಬಹಳ ಹೊತ್ತಾದ ಮೇಲೆ ದೊರೆಸಾನಿ ನಾಲಿಗೆ ಹೊರಚಾಚಿ ನನ್ನ ಬೆರಳನ್ನು ನೆಕ್ಕಿತು. ಅಷ್ಟು ಸಂತೋಷ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ.

ಬೆಕ್ಕು ಎದ್ದು ಕೂತು ಕೋಳಿಯ ಚೂರು ತಿಂದ ಮೇಲೆಯೇ ಶಾಂತಾ ಡಬ್ಬಿಯ ಕಡೆ ನೋಡಿದ್ದು.

"ಔಷಧಕ್ಕಂತ ಇಟ್ಟಿದ್ನಿ" ಅಂದೆ.

"ಯಾರ ಔಷಧಕ್ಕ?" ಅಂದಳು.

ನಾನು ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಸಂಜೆಯಾಯಿತು, ಓಣಿ ಮರಳಿ ಬಂತು. ಮೊಣಕಾಲತನಕ ಕೆಸರು ಮೆತ್ತಿಕೊಂಡಿದ್ದ ಬಾನುಬಿ ಮನೆಗೂ ಹೋಗದೆ ನಮ್ಮ ಕಟ್ಟೆಗೆ ಬಂದು, "ಸರ, ನಮ್ಮ ಶಹಜಾದಿ ಎಲ್ಲದಾಳ್ರಿ? ಮುಂಜಾನಿ ಗಡಿಬಿಡ್ಯಾಗ ಅಕಿಗಿ ಚಾದಾಗ ಅದ್ದಿದ ಬಿಸ್ಕೀಟ್ ಇಡೂದು ಮರತ ಹೋದ್ನಿ ನೋಡ್ರಿ" ಅಂದಳು. ಅವಳ ಹಿಂದೆಯೇ ನಿಂಗಮ್ಮ ಹಾಲನ್ನದ ಬಟ್ಟಲು ಹಿಡಿದು ಬಂದಳು. "ಪಾಪ, ನಮ್ಮ ಗೌರಿ ಇವತ್ತ ಉಪಾಸ ಬಿದ್ದಾಳ್ರಿ." ನನ್ನ ಮನೆಯ ದೊರೆಸಾನಿ ಒಂದು ಮನೆಯಲ್ಲಿ ಶಹಜಾದಿ, ಇನ್ನೊಂದರಲ್ಲಿ ಗೌರಿ, ಎಲ್ಲ ಕಡೆಯೂ ಹೊಸ್ತಿಲು ದಾಟಿ ಉಂಡು, ನಮ್ಮ ಕಣ್ಣೆದುರು ಮಾತ್ರ ಪಥ್ಯದ ಕೋಳಿ ತಿನ್ನುತ್ತಿತ್ತು. ಇಷ್ಟು ದಿನ ನನ್ನ ಸಿರಿಂಜಿನ ಗೆರೆಗಳು ಓಣಿಯ ಅಕ್ಕರೆಗೆ ತಕ್ಕಂತೆ ಏರುತ್ತ ಹೋಗಿದ್ದವು. ಆ ಅಕ್ಕರೆ ಒಂದೇ ಒಂದು ದಿನ ಸಸಿ ಹಚ್ಚಲು ಹೋದದ್ದಕ್ಕೆ ಬೆಕ್ಕಿನ ಪ್ರಾಣವೇ ಹೋಗುವುದರಲ್ಲಿತ್ತು.

"ಇಬ್ಬರದೂ ಒಂದಽ ರೋಗ, ಒಂದಽ ಕಳ್ಳತನ" ಎಂದು ಶಾಂತಾ ತೀರ್ಪು ಕೊಟ್ಟಳು.

ಡಾಕ್ಟರು ಎಲ್ಲ ಕೇಳಿ, ನಕ್ಕು, ಪ್ರಮಾಣವನ್ನು ಕೆಳಗಿಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿಸಿದರು. ಹಾಲನ್ನ, ಬಿಸ್ಕೀಟು ಬಂದಾದವು. ಆದರೆ ಉಣಿಸಲೇಬೇಡಿ ಎಂದು ಓಣಿಗೆ ಹೇಳಲು ಶಾಂತಾಳಿಗೆ ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ. ಬೇಯಿಸಿದ ಕೋಳಿಯ ಪಾಲನ್ನೇ ಅವಳು ಅವರಿಗೆ ಹಂಚಿ, ಸೂಜಿಯ ಹೊತ್ತಿಗೆ ಬಂದು ನೀವೇ ಹಾಕಿ ಅಂದಳು. ಈಗ ಎರಡು ಹೊತ್ತೂ ನಮ್ಮ ಕಟ್ಟೆಯ ಮೇಲೆ ಸಣ್ಣದೊಂದು ದರ್ಬಾರು ನೆರೆಯುತ್ತದೆ. ಮೂರು ಹೆಸರಿನ ಬೆಕ್ಕು ಮೂವರ ಕೈಯಿಂದ ಒಬ್ಬ ಡಾಕ್ಟರು ಹೇಳಿದ ಊಟ ಉಣ್ಣುತ್ತದೆ, ಅಂಕಿ ಹದಕ್ಕೆ ಬಂದಿದೆ.

ಮೊನ್ನೆ ನಿಂಗಮ್ಮ ಬಂದಾಗ ಅವಳ ಸೆರಗಿನಿಂದ ಘಮ್ಮೆಂದು ಏಲಕ್ಕಿಯ ವಾಸನೆ ಬಂತು. ಏನು ವಿಶೇಷ ಎಂದೆ. "ಬೆಲ್ಲ ಹಾಕಿ ಸಜ್ಜಕ ಮಾಡೀನ್ರಿ ಸರ, ಬಾನುಬಿಗಿ ಒಂದು ಬಟ್ಟಲ ಒಯ್ಯಾಕತ್ತೀನಿ" ಅಂದಳು. ಶಾಂತಾ ಒಳಗಿದ್ದಳು. ನಾನು ಮೆಲ್ಲಗೆ ಕೈ ಚಾಚಿದೆ. ನಿಂಗಮ್ಮ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

"ಬ್ಯಾಡ್ರಿ. ಶಾಂತವ್ವ ಇಡೀ ಓಣಿಗೆ ಹೇಳ್ಯಾಳ. ಸಿಹಿ ಬೆಕ್ಕಿಗಷ್ಟಽ ಅಲ್ರಿ, ನಿಮಗೂ ಕೊಡಬ್ಯಾಡ ಅಂದಾಳ. ನೀವೂ ಇರಬೇಕಲ್ರಿ ನಮಗ."

ಚಾಚಿದ ಕೈಯನ್ನು ಹಿಂದೆಗೆಯಲು ತೋಚದೆ, ಪಕ್ಕದಲ್ಲಿ ಉಣ್ಣುತ್ತಿದ್ದ ದೊರೆಸಾನಿಯ ಬೆನ್ನ ಮೇಲೆ ಇಟ್ಟೆ.