ನಾಲ್ಕು ದಿಕ್ಕಿಗೆ ತಿರುಗಿದ ಮಂಚ

ಕತಾರಿನ ಮೆಸಯೀದ್‌ನ ಕಂಪನಿ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಪ್ರಕಾರ ಎಲ್ಲ ಕಾಯಿಲೆಗೂ ಕಾರಣ ಒಂದೇ. ಬಲಗೈ ಬೀಸಿ, "ಎಲ್ಲ ಏಸಿ ಗಾಳಿ ಮಾರಾಯ್ತಿ," ಎನ್ನುತ್ತಿದ್ದರು.

ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡನ ಜೊತೆ ಕೂಡುವಾಗ ನನಗೆ ಜೀವ ಹೋಗುವಂಥ ನೋವು. ಊರಿಗೇ ವಾಪಸ್ ಹೋಗಿಬಿಡೋಣ ಅನ್ನಿಸುತ್ತಿತ್ತು. ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವಳು ನಾನು. ಕಪ್ಪೆ ಕೊಯ್ದು ಒಳ್ಳೆಯ ಅಂಕ ತೆಗೆದಿದ್ದೆ, ನನ್ನ ದೇಹದ ವಿಷಯ ಮಾತ್ರ ಗೊತ್ತಿರಲಿಲ್ಲ. ಅಕ್ಕನಿಗೆ ಹೇಳಿಕೊಂಡೆ.

"ನಿಮ್ಮ ಮಂಚ ಏಸಿಯ ಕೆಳಗೇ ಉಂಟಲ್ಲ. ತಿರುಗಿಸಿದ್ರೆ ಸರಿಯಾಗ್ತದೆ."

ರಜೆಯ ದಿನ ಶುಕ್ರವಾರ ಅಕ್ಕನ ಗಂಡ ಪ್ಲಾಂಟಿನ ನಾಲ್ವರು ಫಿಟ್ಟರ್‌ಗಳನ್ನು ಕರೆತಂದರು. ಡ್ಯೂಟಿಯೆಂದುಕೊಂಡು ಹೆಲ್ಮೆಟ್ ಹಾಕಿಕೊಂಡೇ ಬಂದಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. "ಯಲ್ಲಾ, ಯಲ್ಲಾ, ಬೇಗ ಬೇಗ" ಎಂದು ಮಂಚ ಎತ್ತಿ ತಿರುಗಿಸಿದರು. ಒಬ್ಬ ಅದರ ಮೇಲೆ ಮಟ್ಟ ನೋಡುವ ಲೆವೆಲ್ ಇಟ್ಟು ನೋಡಿ, "ಇನ್ನು ತೊಂದ್ರೆ ಇಲ್ಲ ಮೇಡಂ," ಅಂದ.

ನೋವು ಹಾಗೇ ಇತ್ತು. ಕೊನೆಗೆ ದೋಹಾದಲ್ಲಿದ್ದ ಮಂಗಳೂರಿನ ಲೇಡಿ ಡಾಕ್ಟರ ಬಳಿ ಹೋದೆ. ಅಕ್ಕನೂ ಜೊತೆಗೆ ಬಂದರು. ಡಾಕ್ಟರು ಪರೀಕ್ಷಿಸಿ, "ನಿಮಗೆ ಹೆದರಿಕೆಗೆ ಒಳಗಿನ ಸ್ನಾಯು ಬಿಗಿಯಾಗ್ತದೆ. ಕೆಲವರಿಗೆ ಸೋಂಕಿನಿಂದ, ಕೆಲವರಿಗೆ ಒಣಗಿ ನೋವು ಬರ್ತದೆ. ಚಿಕಿತ್ಸೆ ಉಂಟು. ಸಹಿಸಿಕೊಂಡು ಕೂರೋದು ಬೇಡ," ಎಂದರು.

ಅಕ್ಕ ಕೈ ಬೀಸಲಿಲ್ಲ. ನನ್ನ ಭುಜ ತಟ್ಟಿ, "ಸ್ವಲ್ಪ ಏಳು ಮಾರಾಯ್ತಿ," ಎಂದು ನನ್ನ ಕುರ್ಚಿಯಲ್ಲಿ ತಾವು ಕುಳಿತರು.

"ಡಾಕ್ಟ್ರೇ, ನಮ್ಮ ಮಂಚ ನಾಲ್ಕೂ ದಿಕ್ಕಿಗೆ ತಿರುಗಿ ಆಯ್ತು. ಹನ್ನೆರಡು ವರ್ಷದಿಂದ."